ತಿಪ್ಪೆ ಕಲಿಸಿದ ಪಾಠ

ಇಪ್ಪತ್ತು ಗುಂಟೆಯಲ್ಲಿ ಸೊಪ್ಪು, ತರಕಾರಿ, ನಾರು-ಬೇರು ಬೆಳೆಯುತ್ತ, ಬಂದವರಿಗೆ ಕಲಿಸುತ್ತ ಇರುವ ಗೃಹಿಣಿಯೊಬ್ಬರ ಅನುಭವ

“ಅಲ್ರೀ, ಮನೇಲಿ ತೆಂಗಿನಕಾಯಿಗೆ ಕೊರತೆ ಇಲ್ಲ, ಯಜಮಾನರಿಗೆ ಸಂಬಳ ಬರುತ್ತೆ. ನಿಮಗ್ಯಾಕೆ ಈ ಮಣ್ಣು-ಸಗಣಿಯ ಸಹವಾಸ?”

ತಿಪಟೂರು, ಅರಸೀಕೆರೆ ಕಡೆಯ ನಮ್ಮಂಥ ಸಣ್ಣ ಊರಿನಲ್ಲಿ ಸೊಂಟಕ್ಕೆ ಸೆರಗು ಸಿಕ್ಕಿಸಿ ತೋಟಕ್ಕೆ ಹೊರಟ ಮಾಸ್ತರರ ಹೆಂಡತಿಗೆ ಈ ಪ್ರಶ್ನೆ ತಪ್ಪಿದ್ದಲ್ಲ. ಮೊದಮೊದಲು ಉತ್ತರ ಹೇಳುತ್ತಿದ್ದೆ. ಈಗ ನಕ್ಕು, “ಬನ್ನಿ, ಒಂದು ಕಟ್ಟು ಹರಿವೆ ತಗೊಂಡ್ಹೋಗಿ” ಅನ್ನುತ್ತೇನೆ. ಹರಿವೆಯ ಮಸ್ಸೊಪ್ಪು ಉಂಡ ಮೇಲೆ ಆ ಪ್ರಶ್ನೆಯನ್ನು ಎರಡನೆಯ ಸಲ ಯಾರೂ ಕೇಳಿಲ್ಲ!

ಆದರೆ ಈ ಲೇಖನ ಹರಿವೆ ಸೊಪ್ಪಿನ ಹೊಗಳಿಕೆಯಲ್ಲ. ‘ಸಾವಯವ’ ಎಂಬ ಮಾತು ಈಗ ಅಂಗಡಿಯ ಹಪ್ಪಳದ ಪೊಟ್ಟಣದ ಮೇಲೂ ಇದೆ. ಬೆಳೆಯುವವರೂ ಹೆಚ್ಚಿದ್ದಾರೆ, ಕಲಿಸುವವರೂ ಹೆಚ್ಚಿದ್ದಾರೆ. ನಾನೂ ಕಲಿಸಿದೆ. ಕಲಿಸುವಾಗ ಒಮ್ಮೆ ತಪ್ಪಿದೆ. ಆ ತಪ್ಪಿನ ಬೆಲೆಯನ್ನು ತೆತ್ತವಳು ನಾನಲ್ಲ, ನನ್ನ ಮಾತು ನಂಬಿದ ಇನ್ನೊಬ್ಬ ಹೆಂಗಸು. ಅದನ್ನು ಹೇಳಿಬಿಟ್ಟರೆ ನಿಮ್ಮ ಹಿತ್ತಲಿಗೂ ಉಪಯೋಗವಾದೀತು ಎಂದು ಬರೆಯುತ್ತಿದ್ದೇನೆ.

ಹಿತ್ತಲಿನಿಂದ ತೋಟಕ್ಕೆ

ನಾನು ಮದುವೆಯಾಗಿ ಬಂದಾಗ ಈ ಮನೆಯ ಹಿಂದೆ ಒಂದು ಬಚ್ಚಲು, ಅದರ ನೀರಿಗೆ ಬಾಳೆ, ಪಕ್ಕದಲ್ಲಿ ಒಂದೆಲಗ, ದೊಡ್ಡಪತ್ರೆ, ಕರಿಬೇವು, ನುಗ್ಗೆ ಇದ್ದವು. ಎಲ್ಲ ನಮ್ಮತ್ತೆಯ ಕೈಯದು. ಊರಾಚೆ ಇಪ್ಪತ್ತು ಗುಂಟೆ, ಎಂದರೆ ಅರ್ಧ ಎಕರೆ ಕೆಂಪು ಮಣ್ಣಿನ ಜಾಗ ಖಾಲಿ ಬಿದ್ದಿತ್ತು. ಒಂದಂಚಿಗೆ ಹನ್ನೆರಡು ತೆಂಗಿನ ಮರ, ಮೂಲೆಯಲ್ಲಿ ಒಂದು ಕೊಳವೆಬಾವಿ. 2013ರಲ್ಲಿ, ಮಕ್ಕಳಿಬ್ಬರೂ ಓದಲು ಹೊರಗೆ ಹೋದ ಮೇಲೆ, ಆ ಜಾಗಕ್ಕೆ ಕೈ ಹಾಕಿದೆ.

ಮೊದಲ ವರ್ಷ ಎಲ್ಲರಂತೆ ಅಂಗಡಿಯ ಗೊಬ್ಬರ, ಅಂಗಡಿಯ ಔಷಧಿ. ಬದನೆಗೆ ಔಷಧಿ ಹೊಡೆಸಿದ ಮಾರನೆಯ ದಿನ ಅದೇ ಬದನೆಕಾಯಿ ಕೊಯ್ದು ಮನೆಗೆ ತಂದಾಗ ನಮ್ಮತ್ತೆ ಒಂದೇ ಮಾತು ಕೇಳಿದರು: “ಅಲ್ಲ ಕಣೇ, ನಿನ್ನೆ ಮೂಗು ಮುಚ್ಕೊಂಡು ಹೊಡೆಸ್ದೆ. ಇವತ್ತು ಬಾಯಿ ತೆಕ್ಕೊಂಡು ತಿನ್ನು ಅಂತೀಯಲ್ಲ?” ಆ ದಿನ ಎಣ್ಣೆಗಾಯಿ ಆಗಲಿಲ್ಲ.

ಆಮೇಲೆ ಓದತೊಡಗಿದೆ. ಜಪಾನಿನ ಮಸಾನೊಬು ಫುಕುವೋಕ ಅವರ ಬೇಸಾಯದ ಬಗ್ಗೆ ನಮ್ಮ ಪೂರ್ಣಚಂದ್ರ ತೇಜಸ್ವಿಯವರು ಬರೆದ ‘ಸಹಜ ಕೃಷಿ’ ಓದಿದೆ. ದೊಡ್ಡಬಳ್ಳಾಪುರದ ಬಳಿ ತಮ್ಮ ತೋಟವನ್ನೇ ಪಾಠಶಾಲೆ ಮಾಡಿಕೊಂಡಿದ್ದ ಎಲ್. ನಾರಾಯಣ ರೆಡ್ಡಿಯವರ ಹೆಸರು ನೀವೂ ಕೇಳಿರಬಹುದು. ರಾಸಾಯನಿಕ ಬಿಟ್ಟು ಸಾವಯವಕ್ಕೆ ಬಂದವರು. ರೈತರು, ವಿದ್ಯಾರ್ಥಿಗಳು, ಪಟ್ಟಣದವರು ಯಾರು ಬಂದರೂ ಹೇಳಿಕೊಡುತ್ತಿದ್ದರು. 2019ರಲ್ಲಿ ತೀರಿಕೊಂಡರು. ಒಂದು ತೋಟ ತರಕಾರಿಯನ್ನಷ್ಟೇ ಅಲ್ಲ, ಬೆಳೆಗಾರರನ್ನೂ ಬೆಳೆಸಬಹುದು ಎಂಬುದು ನನಗೆ ಹೊಳೆದದ್ದು ಅಂಥವರಿಂದಲೇ.

ಭಾನುವಾರದ ಪಾಠ

2016ರಲ್ಲಿ ನಾಲ್ವರು ಹೆಂಗಸರು ಬಂದರು. ಒಬ್ಬಾಕೆ ಹೊಲಿಗೆಯವರು, ಒಬ್ಬರು ಅಂಗನವಾಡಿ ಕಾರ್ಯಕರ್ತೆ, ಇನ್ನಿಬ್ಬರು ಪಕ್ಕದ ಹಳ್ಳಿಯ ರೈತರ ಮನೆಯವರು. ಮುಂದಿನ ವರ್ಷದ ಹೊತ್ತಿಗೆ ಅದು ಹತ್ತಾಯಿತು. ಭಾನುವಾರ ಬೆಳಿಗ್ಗೆ ಏಳರಿಂದ ಹತ್ತೂವರೆ. ದುಡ್ಡು ಕೇಳುವುದಿಲ್ಲ. ಪ್ರತಿಯೊಬ್ಬರೂ ತಮ್ಮ ಮನೆಯ ಒಂದು ಹಿಡಿ ಬೀಜ ತರಬೇಕು, ಅಷ್ಟೇ.

ಏರುಮಡಿ ಮಾಡುವುದು ಮೊದಲ ಪಾಠ. ಅಗಲ ಮೂರೂವರೆ ಅಡಿ ಮೀರಬಾರದು. ಎರಡೂ ಕಡೆ ಕುಳಿತು ಕೈ ಚಾಚಿದರೆ ನಡುವಿಗೆ ಎಟುಕಬೇಕು, ಮಡಿಯ ಮೇಲೆ ಕಾಲಿಡುವ ಪ್ರಸಂಗ ಬರಬಾರದು. ಎತ್ತರ ಅರ್ಧ ಅಡಿ, ಉದ್ದ ನಿಮ್ಮ ಅನುಕೂಲ. ಮೇಲೆ ತೆಂಗಿನ ಗರಿಯ ಚೂರು, ಒಣಹುಲ್ಲು, ಹೊಂಗೆಸೊಪ್ಪು ಹೊದಿಸಬೇಕು. ಬಿಸಿಲಿಗೆ ಬರಿಮೈ ಬಿಟ್ಟ ಮಣ್ಣು ಬೇಗ ಒಣಗುತ್ತದೆ, ಮಳೆಗೆ ಬೇಗ ಕೊಚ್ಚಿಹೋಗುತ್ತದೆ.

ಬೀಜ ಉಳಿಸುವುದು ಎರಡನೆಯ ಪಾಠ. ಹೈಬ್ರಿಡ್ ಬೀಜದಿಂದ ಬಂದ ಕಾಯಿಯ ಬೀಜ ಎತ್ತಿಟ್ಟರೆ ಮುಂದಿನ ಬೆಳೆ ತಾಯಿಯಂತೆ ಬರುವುದಿಲ್ಲ. ನಾಟಿ ತಳಿ ಬರುತ್ತದೆ. ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ‘ಅರ್ಕಾ ಅನಾಮಿಕಾ’ ಬೆಂಡೆ, ‘ಅರ್ಕಾ ಸುಗುಣ’ ಹರಿವೆಯಂಥ ತಳಿಗಳ ಬೀಜವನ್ನೂ ಉಳಿಸಿಕೊಳ್ಳಬಹುದು. ಸುಗುಣವನ್ನು ಬುಡಸಮೇತ ಕೀಳದೆ ಮೇಲಿನಿಂದ ಕತ್ತರಿಸುತ್ತ ಹೋದರೆ ಮತ್ತೆ ಮತ್ತೆ ಚಿಗುರುತ್ತದೆ.

ಮೂರನೆಯ ಪಾಠ ಗೊಬ್ಬರದ್ದು. ನಾನು ಎಡವಿದ್ದು ಅಲ್ಲಿಯೇ.

ಆ ಶ್ರಾವಣ

2018ರ ಮಾತು. ನಮ್ಮ ಹತ್ತು ಜನರಲ್ಲಿ ಎಲ್ಲರಿಗಿಂತ ಚುರುಕಾದವಳು ಪಕ್ಕದ ಹಳ್ಳಿಯ ಒಬ್ಬಾಕೆ. ಹೆಸರು ಬೇಡ. ಎರಡು ಹಸು, ಓದುವ ಎರಡು ಮಕ್ಕಳು, ಕುಡಿಯುವ ಚಟವಿಲ್ಲದಿದ್ದರೂ ಧೈರ್ಯವಿಲ್ಲದ ಗಂಡ. “ನಾನೂ ನಿಮ್ಮಂಗೆ ಮಾಡ್ತೀನಿ ಕಣಕ್ಕಾ” ಎಂದು ಸ್ತ್ರೀಶಕ್ತಿ ಸಂಘದಿಂದ 15,000 ರೂಪಾಯಿ ಸಾಲ ಎತ್ತಿದಳು. ಹತ್ತು ಗುಂಟೆ ಗುತ್ತಿಗೆಗೆ ಹಿಡಿದಳು. ಆರಿದ್ರಾ ಮಳೆಗೆ ಮೆಣಸಿನಕಾಯಿ, ಬದನೆ ಸೇರಿ 2000 ಸಸಿ ನಾಟಿ ಮಾಡಿದಳು. ನಾನು ಹೋಗಿ ನೋಡಿ ಬೆನ್ನು ತಟ್ಟಿ ಬಂದೆ.

ಶ್ರಾವಣದ ಒಂದು ಸಂಜೆ ಬಾಗಿಲಲ್ಲಿ ಬಂದು ನಿಂತಳು. ಒಳಗೆ ಬಾ ಎಂದರೂ ಬರಲಿಲ್ಲ. ಸೆರಗಿನ ಗಂಟು ಬಿಚ್ಚಿ ಜಗಲಿಯ ಮೇಲೆ ಸುರಿದಳು. ಬಾಡಿದ ಮೆಣಸಿನ ಗಿಡಗಳು. ಒಂದಕ್ಕೂ ಬೇರಿರಲಿಲ್ಲ.

“ನೀವ್ ಹೇಳ್ದಂಗೇ ಮಾಡಿದ್ದೆ ಕಣಕ್ಕಾ. ಒಂದು ಕಾಳು ಸರ್ಕಾರಿ ಗೊಬ್ಬರ ಹಾಕ್ಲಿಲ್ಲ. ಎರಡು ಟ್ರ್ಯಾಕ್ಟರ್ ಸಗಣಿ ಗೊಬ್ಬರ ಹೊಡೆಸ್ದೆ...”

ಜಗಳಕ್ಕೆ ಬಂದಿದ್ದರೆ ತಡೆದುಕೊಳ್ಳುತ್ತಿದ್ದೆನೇನೋ. ಅವಳು ಬೈಯಲಿಲ್ಲ. ಆ ರಾತ್ರಿ ನನಗೆ ಊಟ ಸೇರಲಿಲ್ಲ.

ಬೆಳಿಗ್ಗೆ ಅವಳ ಹೊಲಕ್ಕೆ ಹೋದೆ. ಮೂರರಲ್ಲಿ ಎರಡು ಪಾಲು ಗಿಡ ಮಲಗಿದ್ದವು. ಗುದ್ದಲಿ ಹಾಕಿ ಒಂದು ಬುಡ ಅಗೆದರೆ ಗೊಣ್ಣೆ ಹುಳು! ಬೆಳ್ಳಗೆ, ಹೆಬ್ಬೆರಳ ಗಾತ್ರ, ಸುರುಳಿ ಸುತ್ತಿಕೊಂಡು ಮಲಗಿವೆ. ಇನ್ನೊಂದು ಬುಡದಲ್ಲೂ ಇದ್ದವು, ಮತ್ತೊಂದರಲ್ಲೂ ಇದ್ದವು. ಗೊಬ್ಬರ ಕೈಗೆತ್ತಿಕೊಂಡು ನೋಡಿದೆ. ಹುಲ್ಲು ಹುಲ್ಲಾಗಿಯೇ ಇತ್ತು, ಸಗಣಿ ಸಗಣಿಯಾಗಿಯೇ ಇತ್ತು. ಎರಡು ಮೂರು ತಿಂಗಳ ತಿಪ್ಪೆ ಅದು, ಕಳಿತದ್ದಲ್ಲ.

ನಾನು ಪಾಠದಲ್ಲಿ ಹೇಳಿದ್ದ ಮಾತು ನನಗೆ ಚೆನ್ನಾಗಿ ನೆನಪಿತ್ತು: “ಸಗಣಿ ಗೊಬ್ಬರ ಎಷ್ಟು ಹಾಕಿದರೂ ತಪ್ಪಿಲ್ಲ.”

ತಪ್ಪು ಎಲ್ಲಿತ್ತು?

ಹಾಗಾದರೆ ಅದೇ ಸಗಣಿ ನನ್ನ ತೋಟದಲ್ಲಿ ಏಕೆ ಕೇಡು ಮಾಡಲಿಲ್ಲ? ಮನೆಗೆ ಬಂದು ಇದನ್ನೇ ಹೇಳಿಕೊಂಡು ಕುಳಿತಾಗ ನಮ್ಮತ್ತೆ ಅಕ್ಕಿ ಆರಿಸುತ್ತಲೇ ಹೇಳಿದರು: “ಈ ವರ್ಷದ ತಿಪ್ಪೆನ ಈ ವರ್ಷ ಯಾರಾದ್ರೂ ಮುಟ್ತಾರಾ? ನಮ್ಮನೇಲಿ ಎರಡು ತಿಪ್ಪೆ ಯಾಕಿದೆ ಅಂದ್ಕೊಂಡೆ ನೀನು?”

ನಿಜ. ನಮ್ಮಲ್ಲಿ ಎರಡು ತಿಪ್ಪೆಗಳು. ಒಂದು ತುಂಬುತ್ತಿರುವಾಗ ಇನ್ನೊಂದು ಕಳಿಯುತ್ತಿರುತ್ತದೆ. ವರ್ಷ ತುಂಬಿದ್ದನ್ನು ಮಾತ್ರ ತೋಟಕ್ಕೆ ಹಾಕುವುದು. ಇಷ್ಟು ವರ್ಷ ಅದನ್ನು ಮನೆಯ ರೂಢಿ ಎಂದುಕೊಂಡಿದ್ದೆ. ಒಂದನ್ನು ತೆಗೆದುಬಿಟ್ಟರೆ ಜಾಗ ಉಳಿಯುತ್ತದಲ್ಲ ಎಂದು ಒಂದೆರಡು ಸಲ ಗೊಣಗಿದ್ದೂ ಉಂಟು! ನನ್ನ ತೋಟ ಸರಿಯಾಗಿ ನಡೆದಿದ್ದು ಅತ್ತೆಯ ಆ ರೂಢಿಯಿಂದ. ನಾನು ಕಲಿಸಿದ್ದು ಮಾತ್ರ ನನಗೆ ಕಂಡಷ್ಟನ್ನೇ. ಏಕೆ ಸರಿಯಾಗುತ್ತಿದೆ ಎಂದು ನನಗೇ ತಿಳಿಯದ್ದನ್ನು ಇನ್ನೊಬ್ಬರಿಗೆ ಹೇಳಿಕೊಟ್ಟಿದ್ದೆ.

ಅರೆಬರೆ ಕೊಳೆತ ಗೊಬ್ಬರದ ಕೇಡು ಒಂದೆರಡಲ್ಲ. ದುಂಬಿಗಳು ಇಂಥ ಗೊಬ್ಬರವಿರುವಲ್ಲಿ ಮೊಟ್ಟೆಯಿಡಲು ಬರುತ್ತವೆ. ಗೊಬ್ಬರ ಮಣ್ಣಿನಲ್ಲಿ ಕಳಿಯುವಾಗ ಕಾವು ಏಳುತ್ತದೆ, ಎಳೆಯ ಬೇರು ಬೇಯುತ್ತದೆ. ಹಸು ತಿಂದ ಹುಲ್ಲಿನ ಬೀಜ ಸಾಯದೆ ಉಳಿದು ಕಳೆಯಾಗುತ್ತದೆ. ನಮ್ಮ ಸೀಮೆಗೆ ಇನ್ನೊಂದು ಭಯವೂ ಇದೆ. ತೆಂಗಿನ ಸುಳಿ ಕೊರೆಯುವ ದೊಡ್ಡ ಕರಿ ದುಂಬಿ, ಕೊಂಬಿರುವುದು, ಮರಿ ಮಾಡುವುದೇ ತಿಪ್ಪೆಯಲ್ಲಿ. ತಿಪ್ಪೆಯನ್ನು ಆಗಾಗ ಮಗುಚಿ ಹುಳು ಆರಿಸದಿದ್ದರೆ ಪಕ್ಕದ ತೆಂಗಿಗೇ ಸಂಚಕಾರ. ‘ಮೆಟಾರೈಜಿಯಂ’ ಎಂಬ ಹಸಿರು ಶಿಲೀಂಧ್ರದ ಪುಡಿಯನ್ನು ತಿಪ್ಪೆಗೆ ಬೆರೆಸಿದರೆ ಅದು ಈ ಹುಳುಗಳಿಗೆ ರೋಗ ತರುತ್ತದೆ. ಕೃಷಿ ಇಲಾಖೆಯವರೂ ಇದನ್ನು ಹೇಳುತ್ತಾರೆ.

ಮುಂದಿನ ಭಾನುವಾರ ಹತ್ತೂ ಜನರ ಎದುರಿಗೆ, “ತಪ್ಪು ಆಕೆಯದಲ್ಲ, ನನ್ನದು” ಎಂದೆ. ಹೇಳುವ ಮೊದಲು ಎರಡು ಲೋಟ ನೀರು ಕುಡಿದಿದ್ದೆ. ಇಬ್ಬರು ಅಂದಿನಿಂದ ಬರುವುದನ್ನು ಬಿಟ್ಟರು. ಉಳಿದವರು ಪಾಠ ಅಲ್ಲಿಗೇ ನಿಲ್ಲಿಸಿ ಅವಳ ಹೊಲಕ್ಕೆ ನಡೆದರು. ಸಾಲು ಸಾಲಾಗಿ ಅಗೆದು ಹುಳು ಆರಿಸಿದೆವು. ಅವಳ ಕೋಳಿಗಳನ್ನೂ ಬಿಟ್ಟೆವು. ಗೊರವಂಕಗಳು ಕರೆಯದೆಯೇ ಬಂದವು. ಎರಡು ವಾರ ಬಿಟ್ಟು ಮತ್ತೊಮ್ಮೆ ಅಗೆದು ಬೇವಿನ ಹಿಂಡಿ ಹಾಕಿದೆವು. ಉತ್ತರೆ ಮಳೆಗೆ ಹುರುಳಿ ಚೆಲ್ಲಿದೆವು. ಸಾಲದಲ್ಲಿ ಅರ್ಧ ನಾನು ಕಟ್ಟಿದೆ. ಅವಳು ಬೇಡವೆಂದಳು, ನಾನು ಕೇಳಲಿಲ್ಲ.

ಕಥೆಗಳಲ್ಲಿ ಆಗುವಂತೆ ಎಲ್ಲವೂ ಸುಖಾಂತವಾಗಲಿಲ್ಲ. ಹುರುಳಿ ಬಂತು, ಆದರೆ ಹುರುಳಿಯಿಂದ ಮೆಣಸಿನಕಾಯಿಯ ದುಡ್ಡು ಬಂದೀತೆ? ಗಂಡ ಮುಂದಿನ ವರ್ಷ ಗುತ್ತಿಗೆಗೆ ಒಪ್ಪಲಿಲ್ಲ. ಈಗ ಅವಳು ತನ್ನ ಹಿತ್ತಲಿನಲ್ಲೇ ಆರು ಮಡಿ ಮಾಡಿಕೊಂಡಿದ್ದಾಳೆ. ಆದರೆ ಅಂದಿನಿಂದ ನಮ್ಮ ತೋಟದಲ್ಲಿ ಗೊಬ್ಬರದ ಪಾಠ ಹೇಳುವವಳು ಅವಳೇ. ಹೊಸಬರು ಬಂದಾಗ ಒಂದು ಹಿಡಿ ಹಸಿ ಗೊಬ್ಬರ, ಒಂದು ಹಿಡಿ ಕಳಿತ ಗೊಬ್ಬರ ಎರಡನ್ನೂ ಅವರ ಕೈಗೆ ಕೊಟ್ಟು, “ಮೂಸಿ ನೋಡಿ” ಎಂದು ಶುರು ಮಾಡುತ್ತಾಳೆ. ನಾನು ಹಿಂದಿನ ಸಾಲಿನಲ್ಲಿ ಕೂರುತ್ತೇನೆ.

ಗೊಬ್ಬರ ಕಳಿತಿದೆಯೇ? ನೋಡುವುದು ಹೀಗೆ

ಅವಳ ಪಾಠವನ್ನೇ ಇಲ್ಲಿ ಬರೆದುಕೊಡುತ್ತೇನೆ.

* ಮೂಗಿಗೆ: ಮೊದಲ ಮಳೆ ಬಿದ್ದ ಮಣ್ಣಿನ ವಾಸನೆ ಬರಬೇಕು. ಸಗಣಿಯ ಅಥವಾ ಹುಳಿಯ ವಾಸನೆ ಇದ್ದರೆ ಇನ್ನೂ ಕಾಯಬೇಕು.

* ಕೈಗೆ: ರಾಶಿಯ ಒಳಗೆ ಕೈ ಹಾಕಿದರೆ ಬಿಸಿ ಇರಬಾರದು. ಹಿಡಿದು ಬಿಟ್ಟರೆ ಕಾಫಿಪುಡಿಯಂತೆ ಉದುರಬೇಕು.

* ಕಣ್ಣಿಗೆ: ಇದು ಎಲೆ, ಇದು ಹುಲ್ಲು ಎಂದು ಗುರುತು ಸಿಗಬಾರದು.

* ಕೊನೆಯ ಪರೀಕ್ಷೆ: ಒಂದು ತೆಂಗಿನ ಚಿಪ್ಪಿನಲ್ಲಿ ಅರ್ಧ ಗೊಬ್ಬರ, ಅರ್ಧ ಮಣ್ಣು ಬೆರೆಸಿ ಇಪ್ಪತ್ತು ಸಾಸಿವೆ ಕಾಳು ಹಾಕಿ. ಇನ್ನೊಂದು ಚಿಪ್ಪಿನಲ್ಲಿ ಬರೀ ಮಣ್ಣಿಗೆ ಇಪ್ಪತ್ತು ಕಾಳು. ಒಂದು ವಾರದಲ್ಲಿ ಎರಡೂ ಕಡೆ ಒಂದೇ ಸಮನಾಗಿ ಮೊಳೆತರೆ ಗೊಬ್ಬರ ಪಕ್ವವಾಗಿದೆ. ಗೊಬ್ಬರದ ಚಿಪ್ಪಿನಲ್ಲಿ ಮೊಳಕೆ ಕಡಿಮೆಯಾದರೆ ಅಥವಾ ಸುಟ್ಟಂತಾದರೆ ಹಾಕಬೇಡಿ.

ವರ್ಷ ಕಾಯಲು ವ್ಯವಧಾನವಿಲ್ಲದವರಿಗೆ ‘ಇಂದೋರ್ ವಿಧಾನ’ ಇದೆ. ಇಂಗ್ಲೆಂಡಿನಿಂದ 1905ರಲ್ಲಿ ಭಾರತಕ್ಕೆ ಬಂದ ಸರ್ ಆಲ್ಬರ್ಟ್ ಹೋವರ್ಡ್ ಎಂಬ ವಿಜ್ಞಾನಿ ಇಂದೋರಿನಲ್ಲಿ ಇದನ್ನು ರೂಪಿಸಿದರು. ನಮ್ಮ ರೈತರನ್ನೂ ಬೆಳೆಗೆ ಬರುವ ಕೀಟಗಳನ್ನೂ ತಮ್ಮ ಗುರುಗಳೆಂದು ಅವರು ಬರೆದುಕೊಂಡಿದ್ದಾರೆ. ಮೊದಲ ಸಲ ಓದಿದಾಗ ದೊಡ್ಡವರ ಚಮತ್ಕಾರದ ಮಾತು ಎಂದುಕೊಂಡಿದ್ದೆ. ಗೊಣ್ಣೆ ಹುಳು ನನಗೆ ಅರ್ಥ ಬಿಡಿಸಿ ಹೇಳಿತು!

ವಿಧಾನ ಸುಲಭ. ನೆರಳಿನಲ್ಲಿ ಮೂರಡಿ ಎತ್ತರದ ರಾಶಿ. ಒಂದು ಪದರ ಒಣ ಎಲೆ, ಕಡ್ಡಿ, ಸಿಪ್ಪೆ. ಒಂದು ಪದರ ಹಸಿ ಸೊಪ್ಪು, ಅಡುಗೆಮನೆಯ ತರಕಾರಿ ಸಿಪ್ಪೆ. ಅದರ ಮೇಲೆ ಸಗಣಿ ಬಗ್ಗಡ, ಸ್ವಲ್ಪ ಬೂದಿ ಮತ್ತು ಮಣ್ಣು. ಹೀಗೆಯೇ ಪದರ ಪದರವಾಗಿ. ಹಿಂಡಿದ ಬಟ್ಟೆಯಷ್ಟು ತೇವ ಸಾಕು, ನೀರು ಸೋರಬಾರದು. ಹದಿನೈದು ದಿನಕ್ಕೊಮ್ಮೆ, ತಿಂಗಳಿಗೊಮ್ಮೆ, ಎರಡು ತಿಂಗಳಿಗೊಮ್ಮೆ ಒಟ್ಟು ಮೂರು ಸಲ ಮಗುಚಿ ಹಾಕಿದರೆ ಸುಮಾರು ಮೂರು ತಿಂಗಳಿಗೆ ಗೊಬ್ಬರ ಸಿದ್ಧ. ಸಿದ್ಧವಾಯಿತೆಂದು ಹೇಳುವುದು ಕ್ಯಾಲೆಂಡರ್ ಅಲ್ಲ, ಸಾಸಿವೆ ಕಾಳು.

ಮತ್ತೊಂದು ಎಚ್ಚರಿಕೆ. ಜೀವಾಮೃತವನ್ನಾಗಲಿ ಸಗಣಿ ನೀರನ್ನಾಗಲಿ ಸೊಪ್ಪಿನ ಎಲೆಯ ಮೇಲೆ ಎರಚಬೇಡಿ, ಬುಡಕ್ಕೆ ಹಾಕಿ. ಕೊತ್ತಂಬರಿ, ಪುದೀನ, ಒಂದೆಲಗ ನಾವು ಹಸಿಯಾಗಿ ತಿನ್ನುವಂಥವು. ಹಸಿ ಸಗಣಿಯಲ್ಲಿ ಹೊಟ್ಟೆ ಕೆಡಿಸುವ ರೋಗಾಣುಗಳು ಇರಬಹುದು. ಅಮೆರಿಕದ ಸಾವಯವ ನಿಯಮದಲ್ಲಿ, ಮಣ್ಣಿಗೆ ತಾಗುವ ತರಕಾರಿಗೆ ಹಸಿ ಗೊಬ್ಬರ ಹಾಕಿದರೆ ಕೊಯ್ಲಿಗೆ 120 ದಿನ ಮೊದಲೇ ಹಾಕಿ ಮಣ್ಣಿಗೆ ಬೆರೆಸಿರಬೇಕು ಎಂದಿದೆ. ಸಾವಯವ ಎಂದ ಮಾತ್ರಕ್ಕೆ ತೊಳೆಯದೆ ತಿನ್ನಬಹುದು ಎಂದಲ್ಲ.

ಒಂದೇ ಮಡಿಯಿಂದ

ಆ ಶ್ರಾವಣದ ನಂತರ ನಮ್ಮ ಪಾಠದ ಕ್ರಮ ಬದಲಾಯಿತು. ಈಗ ಬೀಜದ ಜೊತೆಗೆ ತಮ್ಮ ಜಾಗದ ಒಂದು ಹಿಡಿ ಮಣ್ಣನ್ನೂ ತರಬೇಕು. ನನ್ನದು ನೀರು ಬೇಗ ಇಂಗುವ ಕೆಂಪು ಮಣ್ಣು. ಎರೆ ಮಣ್ಣಿನವರಿಗೆ ನನ್ನ ನೀರಿನ ಲೆಕ್ಕ ಹೇಳಿದರೆ ಬೇರು ಕೊಳೆತೀತು.

ಹೊಸದೇನನ್ನೇ ಆಗಲಿ ಮೊದಲು ಒಂದೇ ಮಡಿಯಲ್ಲಿ ಮಾಡಬೇಕು. ಪಕ್ಕದ ಮಡಿಯನ್ನು ಹಳೆಯ ಪದ್ಧತಿಯಂತೆಯೇ ಬಿಡಬೇಕು. ಎರಡನ್ನೂ ನೋಡಿದ ಮೇಲೆ ಮೂರನೆಯದು. ಸಾಲ ತೆಗೆಯುವವರಿಗಂತೂ, “ಒಂದು ಬೆಳೆ ತೆಗೆದು, ಮಾರಿ, ಲೆಕ್ಕ ಬರೆದ ಮೇಲೆ ಸಂಘಕ್ಕೆ ಹೋಗಿ” ಎನ್ನುತ್ತೇನೆ. ಕೆಲವರಿಗೆ ಬೇಸರವಾಗುತ್ತದೆ. ಆಗಲಿ.

ತೋಟದ ಬಾಗಿಲಲ್ಲೇ ಒಂದು ‘ಸೋತ ಮಡಿ’ ಇಟ್ಟಿದ್ದೇವೆ. ಆ ಹಂಗಾಮಿನಲ್ಲಿ ಕೈಕೊಟ್ಟ ಬೆಳೆಯನ್ನು ಕಿತ್ತು ಬಚ್ಚಿಡದೆ ಅಲ್ಲಿ ಹಾಗೆಯೇ ಬಿಟ್ಟು, ಏನು ಮಾಡಿದೆವು, ಏನಾಯಿತು ಎಂದು ಹಲಗೆಯ ಮೇಲೆ ಬರೆಯುತ್ತೇವೆ. ಬಂದವರು ಎಲ್ಲಕ್ಕಿಂತ ಹೆಚ್ಚು ಹೊತ್ತು ನಿಲ್ಲುವುದು ಅದರ ಮುಂದೆಯೇ.

ಕೀಟಕ್ಕೆ ನಾವು ಮಾಡುವುದು

ಬದನೆಯ ತುದಿ ಬಾಡಿ ಜೋತುಬಿದ್ದರೆ ಒಳಗೆ ಕೊರಕ ಹುಳು ಇದೆ ಎಂದು ತಿಳಿಯಿರಿ. ಆ ಕುಡಿಯನ್ನು ಒಂದು ಗೇಣು ಕೆಳಗೆ ಚಿವುಟಿ ಸುಟ್ಟುಬಿಡಿ. ಇದಕ್ಕೆ ಖರ್ಚಿಲ್ಲ, ದಿನಾ ಬೆಳಿಗ್ಗೆ ಹತ್ತು ನಿಮಿಷದ ಕಣ್ಣು ಬೇಕು.

ಟೊಮೇಟೊ ಸಾಲುಗಳ ನಡುವೆ ಚೆಂಡುಹೂ ನೆಡಿ. ಕಾಯಿಕೊರಕದ ಪತಂಗ ಚೆಂಡುಹೂವಿನ ಮೇಲೆ ಮೊಟ್ಟೆಯಿಡಲು ಹೋಗುತ್ತದೆ. ಆದರೆ ಎರಡೂ ಒಂದೇ ಸಮಯಕ್ಕೆ ಹೂ ಬಿಡಬೇಕು. ಟೊಮೇಟೊ ಸಸಿಗೆ 25 ದಿನವಾದಾಗ ಚೆಂಡುಹೂವಿನ ಸಸಿಗೆ 45 ದಿನ ಆಗಿರಬೇಕು. ಎಂದರೆ ಚೆಂಡುಹೂವಿನ ಬೀಜವನ್ನು ಇಪ್ಪತ್ತು ದಿನ ಮೊದಲೇ ಹಾಕಿಕೊಳ್ಳಬೇಕು. ಆ ಹೂ ಹಬ್ಬಕ್ಕೂ ಆಯಿತು!

ಹೇನು, ಎಳೆಯ ಹುಳುಗಳಿಗೆ ಬೇವಿನ ಬೀಜದ ಕಷಾಯ. ಒಂದು ಲೀಟರಿಗೆ 50 ಗ್ರಾಂ ಒಣ ಬೀಜದ ತಿರುಳು ಕುಟ್ಟಿ, ಬಟ್ಟೆಯಲ್ಲಿ ಕಟ್ಟಿ ರಾತ್ರಿ ನೆನೆಹಾಕಿ. ಬೆಳಿಗ್ಗೆ ಹಿಂಡಿ, ಸೋಸಿ, ಚೂರು ಸಾಬೂನು ಕದಡಿ, ಸಂಜೆಯ ಹೊತ್ತು ಎಲೆಯ ಅಡಿಭಾಗಕ್ಕೂ ತಾಗುವಂತೆ ಸಿಂಪಡಿಸಿ. ಅದೇ ದಿನ ಮುಗಿಸಬೇಕು, ಇಟ್ಟರೆ ಕಸುವು ಹೋಗುತ್ತದೆ.

ನಾರು-ಬೇರು

ತರಕಾರಿಗಿಂತ ನಾರು-ಬೇರಿನ ಗಿಡಗಳ ಆರೈಕೆ ಸುಲಭ. ದೊಡ್ಡಪತ್ರೆ, ಪುದೀನ ಕಡ್ಡಿ ಚುಚ್ಚಿದರೆ ಬರುತ್ತವೆ. ಮಜ್ಜಿಗೆಹುಲ್ಲನ್ನು ಬುಡ ಸೀಳಿ ನೆಡಬೇಕು, ಮೂರು ನಾಲ್ಕು ವರ್ಷಕ್ಕೊಮ್ಮೆ ಕಿತ್ತು ಹೊಸದಾಗಿ ನೆಟ್ಟರೆ ಸೊಂಪಾಗಿರುತ್ತದೆ. ಒಂದೆಲಗಕ್ಕೆ ನೆರಳು, ತೇವ ಬೇಕು. ಆದರೆ ಸಾಬೂನು ನೀರು ಹರಿಯುವ ಬಚ್ಚಲ ಬಾಯಿಯಲ್ಲಿ ಬೆಳೆದದ್ದನ್ನು ಚಟ್ನಿಗೆ ತರಬೇಡಿ, ಕುಂಡದಲ್ಲಿ ಬೇರೆ ಬೆಳೆಸಿಕೊಳ್ಳಿ. ಲೋಳೆಸರ ಪಕ್ಕದ ಮರಿಯಿಂದಲೇ ಹಬ್ಬುತ್ತದೆ.

ಇವನ್ನು ಮದ್ದು ಎಂದು ನಾನು ಮಾರುವುದಿಲ್ಲ. “ಸಕ್ಕರೆ ಕಾಯಿಲೆಗೆ ಯಾವ ಸೊಪ್ಪು ತಿನ್ನಲಿ?” ಎಂದು ಕೇಳುವವರಿಗೆ ವೈದ್ಯರ ದಾರಿ ತೋರಿಸುತ್ತೇನೆ. ಒಮ್ಮೆ ತಿಳಿಯದ್ದನ್ನು ಹೇಳಿ ಕೈ ಸುಟ್ಟುಕೊಂಡದ್ದು ಸಾಕು. ಅಡುಗೆಗೆ ಎಂದು ಕೊಡುತ್ತೇನೆ, ಅಷ್ಟೇ.

ಲೆಕ್ಕದ ಪುಸ್ತಕ

“ಲಾಭ ಇದೆಯೇನ್ರೀ?” ಇದು ಎಲ್ಲರೂ ಮೆಲುದನಿಯಲ್ಲಿ ಕೇಳುವ ಪ್ರಶ್ನೆ. ಮುಚ್ಚುಮರೆ ಏಕೆ? ಕಾರ್ತೀಕದಿಂದ ಮಾಘದವರೆಗೆ ತಿಂಗಳಿಗೆ ಆರೇಳು ಸಾವಿರ ರೂಪಾಯಿ ಕೈಗೆ ಉಳಿಯುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ಕೊಳವೆಬಾವಿ ಸೋತಾಗ ಎರಡು ಸಾವಿರವೂ ಕಷ್ಟ. ತರಕಾರಿಗಿಂತ ಸಸಿ ಮಾರಾಟದಲ್ಲಿ ಉಳಿತಾಯ ಹೆಚ್ಚು. ಇದರಿಂದ ಮಹಡಿ ಮನೆ ಏಳುವುದಿಲ್ಲ. ಆದರೆ ಮನೆಗೆ ತರಕಾರಿ ಕೊಳ್ಳುವುದು ತಪ್ಪಿದೆ, ಮಗಳಿಗೆ ಏನಾದರೂ ಕೊಡಿಸಬೇಕೆಂದರೆ ಯಾರನ್ನೂ ಕೇಳಬೇಕಾಗಿಲ್ಲ.

ಸೊಪ್ಪು ಬೇಗ ಕೈಗೆ ಬರುತ್ತದೆ. ಹರಿವೆ, ಮೆಂತ್ಯ ನಾಲ್ಕು ವಾರ, ಕೊತ್ತಂಬರಿ ಆರು ವಾರ. ವಾರಕ್ಕೊಂದು ಮಡಿಯಂತೆ ಬಿತ್ತುತ್ತ ಹೋದರೆ ವಾರಕ್ಕೊಂದು ಮಡಿ ಕೊಯ್ಲಿಗೆ ಬರುತ್ತದೆ. ಒಂದೇ ದಿನ ಎಲ್ಲ ಬಿತ್ತಿದರೆ ಒಂದೇ ದಿನ ಎಲ್ಲ ಬಲಿಯುತ್ತದೆ, ಸಂತೆಯಲ್ಲಿ ಕೇಳಿದ ಬೆಲೆಗೆ ಕೊಟ್ಟು ಬರಬೇಕಾಗುತ್ತದೆ.

ಸಾವಯವ ಪ್ರಮಾಣಪತ್ರದ ವಿಷಯವನ್ನೂ ಕೇಳುತ್ತಾರೆ. ಸಣ್ಣ ಬೆಳೆಗಾರರಿಗೆಂದೇ ಕೇಂದ್ರ ಕೃಷಿ ಇಲಾಖೆಯ ‘ಪಿ.ಜಿ.ಎಸ್. ಇಂಡಿಯಾ’ ಪದ್ಧತಿ ಇದೆ. ಕನಿಷ್ಠ ಐದು ಜನ ರೈತರು ಗುಂಪು ಮಾಡಿಕೊಂಡು ಒಬ್ಬರ ಹೊಲವನ್ನು ಇನ್ನೊಬ್ಬರು ನೋಡಿ ಖಾತ್ರಿ ಹೇಳಬೇಕು. ಕಾಗದ ಸಿಗುವುದು ಆಮೇಲಿನ ಮಾತು. ಅಕ್ಕಪಕ್ಕದವರಿಗೆ ನಿಮ್ಮ ಮಡಿಯನ್ನೂ ತಿಪ್ಪೆಯನ್ನೂ ತೆರೆದು ತೋರಿಸಬೇಕಲ್ಲ, ಅದೇ ದೊಡ್ಡದು. ನಮ್ಮ ಮನೆಗೆ ಸೊಪ್ಪು ಕೊಳ್ಳಲು ಬರುವ ಇಪ್ಪತ್ತು ಮನೆಯವರಿಗೂ ನಾನು ಇದನ್ನೇ ಹೇಳುತ್ತೇನೆ: ಯಾವ ಹೊತ್ತಿಗಾದರೂ ತೋಟಕ್ಕೆ ಬನ್ನಿ, ನೋಡಿ.

ಪಾಠ ಮುಗಿದ ಮೇಲೆ

ಹತ್ತೂವರೆಗೆ ಕೈಕಾಲು ತೊಳೆದು ಎಲ್ಲರೂ ಜಗಲಿಗೆ ಬರುತ್ತಾರೆ. ಬೆರಕೆಸೊಪ್ಪಿನ ಮಸ್ಸೊಪ್ಪು, ಮುದ್ದೆ. ಬಿಸಿಲಿನ ದಿನಗಳಲ್ಲಿ ದೊಡ್ಡಪತ್ರೆ ತಂಬುಳಿ, ಅನ್ನ. ತಂಬುಳಿ ಕೇಳಿದವರು ಬಹಳ ಜನ. ಇಲ್ಲಿದೆ:

ದೊಡ್ಡಪತ್ರೆ ತಂಬುಳಿ

ಬೇಕಾಗುವುದು: ದೊಡ್ಡಪತ್ರೆ ಎಲೆ 15, ಜೀರಿಗೆ 1 ಚಮಚ, ಕಾಳುಮೆಣಸು 5, ತೆಂಗಿನ ತುರಿ ಕಾಲು ಬಟ್ಟಲು, ಹುಳಿಯಿಲ್ಲದ ಮಜ್ಜಿಗೆ 2 ಬಟ್ಟಲು, ತುಪ್ಪ 2 ಚಮಚ, ಉಪ್ಪು; ಒಗ್ಗರಣೆಗೆ ಸಾಸಿವೆ, ಒಂದು ಒಣಮೆಣಸಿನಕಾಯಿ.

ಮಾಡುವ ಕ್ರಮ: ಒಂದು ಚಮಚ ತುಪ್ಪದಲ್ಲಿ ಜೀರಿಗೆ, ಮೆಣಸು ಹುರಿದು, ತೊಳೆದ ಎಲೆ ಹಾಕಿ ಬಾಡಿಸಿ. ಆರಿದ ಮೇಲೆ ತೆಂಗಿನ ತುರಿಯೊಂದಿಗೆ ನುಣ್ಣಗೆ ರುಬ್ಬಿ. ಮಜ್ಜಿಗೆ, ಉಪ್ಪು ಬೆರೆಸಿ ಉಳಿದ ತುಪ್ಪದಲ್ಲಿ ಒಗ್ಗರಣೆ ಕೊಡಿ. ಕುದಿಸಬಾರದು.

ಊಟಕ್ಕೆ ಕುಳಿತಾಗ ನಮ್ಮತ್ತೆ ಬಾಗಿಲ ಬಳಿ ಕುರ್ಚಿ ಹಾಕಿಸಿಕೊಂಡು ಕೂರುತ್ತಾರೆ. ವಯಸ್ಸು ಎಂಬತ್ತು ದಾಟಿದೆ, ತೋಟಕ್ಕೆ ನಡೆಯಲಾರರು. ಆದರೆ ಹೊಸದಾಗಿ ಬಂದವರನ್ನು ಕರೆದು ಒಂದೊಂದೇ ಪ್ರಶ್ನೆ ಕೇಳುತ್ತಾರೆ: “ನಿಮ್ಮತ್ತೆ ಏನೇನು ಮಾಡ್ತಿದ್ರಮ್ಮ ಹಿತ್ತಲಲ್ಲಿ? ಯಾಕೆ ಅಂತ ಕೇಳಿದ್ದೀಯಾ?”

ಹೆಚ್ಚಿನವರು ಇಲ್ಲ ಎನ್ನುತ್ತಾರೆ. ನಾನೂ ಕೇಳಿರಲಿಲ್ಲ. ನಿಮ್ಮ ಮನೆಯಲ್ಲಿ ಹಿರಿಯರಿದ್ದರೆ ಇವತ್ತೇ ಕೇಳಿ, ಬರೆದಿಟ್ಟುಕೊಳ್ಳಿ. ಎಲ್ಲವೂ ಸರಿ ಎಂದಲ್ಲ, ಒಂದು ಮಡಿಯಲ್ಲಿ ಮಾಡಿ ನೋಡಿ. ಸರಿಯಾದರೆ ಏಕೆ ಸರಿಯಾಯಿತು ಎಂದು ತಿಳಿದುಕೊಂಡು ಆಮೇಲೆ ಪಕ್ಕದ ಮನೆಯವರಿಗೆ ಹೇಳಿ. ಸೋತರೆ ಅದನ್ನೂ ಹೇಳಿ.